ಎದ್ದು ನಿಂತ ಬುಧವಾರ

ಫೆಬ್ರವರಿ 4

ಅಮ್ಮನಿಗೆ,

ಹನ್ನೆರಡು ವರ್ಷದಿಂದ ನಿನ್ನಿಂದ ಮುಚ್ಚಿಟ್ಟ ಒಂದು ವಿಷಯವಿದೆ. ಸುತ್ತಿ ಬಳಸಿ ಹೇಳಲು ಹೋದರೆ ಧೈರ್ಯ ಕರಗಿಹೋಗುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಆ ಬುಧವಾರ ಎಲ್ಲರೂ ನೋಡುತ್ತಿರುವಾಗ ನಾನು ಎದ್ದು ನಡೆದೆನಲ್ಲ, ಅದು ಮೊದಲ ಸಲವಲ್ಲ. ಅದಕ್ಕೆ ಹನ್ನೊಂದು ದಿನ ಮೊದಲಿನಿಂದಲೇ ನಡೆಯುತ್ತಿದ್ದೆ.

ನೀನು ಬಿಸ್ಕತ್ತಿನ ಕಾರ್ಖಾನೆಗೆ ಹೊರಟು, ಹೊರಗಿನಿಂದ ಚಿಲಕ ಹಾಕಿದ ಸದ್ದು ಕೇಳಿದ ಮೇಲೆ ಮಂಚದಿಂದ ಇಳಿಯುತ್ತಿದ್ದೆ. ಮೊದಲ ದಿನ ಮಂಚದ ಕಾಲು ಹಿಡಿದು ನಿಂತೆ, ಅಷ್ಟೆ. ಮರುದಿನ ಗೋಡೆ ಹಿಡಿದು ಕಿಟಕಿಯ ತನಕ ಹೋದೆ. ನಾಲ್ಕನೇ ದಿನಕ್ಕೆ ಏನನ್ನೂ ಹಿಡಿಯಬೇಕಾಗಿರಲಿಲ್ಲ. ಜ್ವರ ಬಿಟ್ಟ ಮೇಲೆ ಕಾಲಿಗೆ ಶಕ್ತಿ ನಿಧಾನಕ್ಕೆ ತಾನಾಗಿ ಬರುತ್ತದೆ, ಮೂರು ತಿಂಗಳಾಗಬಹುದು, ಆರು ತಿಂಗಳಾಗಬಹುದು ಎಂದು ಡಾಕ್ಟರು ಹೇಳಿದ್ದು ನಿನಗೆ ನೆನಪಿರಬೇಕು. ಮೊದಲ ವರ್ಷ ಚರ್ಚಿನ ಸಭೆಯಲ್ಲಿ ದೇವರು ನನ್ನನ್ನು ಎಬ್ಬಿಸಿದ ಸಾಕ್ಷಿ ಹೇಳುವಾಗ ನೀನು ಆ ಮಾತನ್ನೂ ಸೇರಿಸಿ ಹೇಳುತ್ತಿದ್ದೆ. ಆಮೇಲೆ ಅದು ‘ಡಾಕ್ಟರು ಏನೂ ಹೇಳಲಿಲ್ಲ’ ಎಂದಾಯಿತು. ಈಗ ‘ಡಾಕ್ಟರು ಕೈಬಿಟ್ಟರು’ ಎಂದಾಗಿದೆ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀಯ. ಶಾಲೆಗೆ ಹೋಗಬೇಕಾಗುತ್ತದೆ ಎನ್ನುವುದು ಒಂದು. ಇನ್ನೊಂದನ್ನು ಹೇಳುವುದು ಕಷ್ಟ. ಅಪ್ಪ ಬಿಟ್ಟುಹೋದ ಮೇಲೆ ನೀನು ಕೆಲಸದಿಂದ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಜ್ವರಕ್ಕೆ ನನ್ನ ಕಾಲು ಬಿದ್ದುಹೋದ ಮೇಲೆ ನನ್ನ ಕಡೆ ತಿರುಗಿದೆ. ಒಂಬತ್ತು ವರ್ಷದವಳಿಗೆ ಅಷ್ಟು ಲೆಕ್ಕ ಬರುತ್ತದೆ.

ಆ ಬುಧವಾರ ನಮ್ಮ ಒಂದೇ ಕೋಣೆಯಲ್ಲಿ ಇಪ್ಪತ್ತು ಜನರಿದ್ದರು. ಯಾರದೋ ಮೊಣಕಾಲು ನನ್ನ ಹೊದಿಕೆಯ ಮೇಲಿತ್ತು. ಪಾಸ್ಟರ್ ತಲೆಯ ಮೇಲೆ ಕೈಯಿಟ್ಟು “ಎದ್ದು ನಡಿ ಮಗಳೇ” ಎಂದರು. ನಾನು ಅವರನ್ನು ನೋಡಲಿಲ್ಲ, ನಿನ್ನ ಮುಖ ನೋಡಿದೆ. ಏಳದಿದ್ದರೆ ಆ ಮುಖಕ್ಕೆ ಏನಾಗುತ್ತದೋ ಎಂದು ಹೆದರಿ ಎದ್ದೆ. ಎಬ್ಬಿಸಿದ್ದು ನಂಬಿಕೆಯಲ್ಲ ಅಮ್ಮ, ನಾಚಿಕೆ.

ಆಮೇಲಿನದ್ದು ನಿನಗೇ ಗೊತ್ತು. ಕರಪತ್ರ ಅಚ್ಚಾಯಿತು. ಅದರಲ್ಲಿರುವ ಫೋಟೋದಲ್ಲಿ ನಾನು ಕಣ್ಣು ಮುಚ್ಚಿದ್ದು ಫ್ಲ್ಯಾಶ್ ಹೊಡೆದದ್ದಕ್ಕೆ, ಜನ ಪ್ರಾರ್ಥನೆ ಅಂದುಕೊಂಡರು. ಊರೆಲ್ಲ ನನಗೆ ‘ಪವಾಡ’ ಎಂದು ಹೆಸರಿಟ್ಟಿತು. “ಏ ಪವಾಡ, ಕಾಲು ಕೊಟ್ಟ ದೇವರು ಗಣಿತದಲ್ಲಿ ಮೂವತ್ತೈದು ಕೊಡಲ್ವಾ?” ಎಂದು ಲೆಕ್ಕದ ಮೇಷ್ಟ್ರು ತರಗತಿಯ ಮುಂದೆ ಕೇಳಿದ ದಿನ ನಾನು ಚೀಲ ಎತ್ತಿಕೊಂಡು ಬಂದವಳು ಮತ್ತೆ ಹೋಗಲಿಲ್ಲ. ಅಲ್ಲಿಂದ ಎಷ್ಟು ಕೆಲಸ ಬಿಟ್ಟೆ, ಎಷ್ಟು ಊರು ಬಿಟ್ಟೆ. ಎಲ್ಲಿ ಹೋದರೂ ಸ್ವಲ್ಪ ದಿನಕ್ಕೆ ಕಾಲು ನಿಲ್ಲುವುದಿಲ್ಲ.

ಇಷ್ಟು ವರ್ಷ ಹೇಳದವಳು ಈಗ ಹೇಳುತ್ತಿರುವುದು ನಿನ್ನ ಹಿಂದಿನ ಪತ್ರಕ್ಕೆ. ನಮ್ಮ ಓಣಿಯ ತುದಿಯ ಟೈಲರಕ್ಕ ನಿನ್ನ ಬಾಯಿಂದ ನನ್ನ ಸಾಕ್ಷಿ ಕೇಳಿ, ಮಗಳು ಪುಟ್ಟಿಯ ಫಿಟ್ಸ್ ಮಾತ್ರೆ ನಿಲ್ಲಿಸಿದ್ದಾಳೆ, ‘ಎಂಥ ನಂಬಿಕೆ ನೋಡು’ ಎಂದು ಬರೆದಿದ್ದೀಯ. ಏಳು ವರ್ಷದ ಮಗು ಅದು. ನನ್ನ ಸುಳ್ಳಿನ ಮೇಲೆ ನಿಲ್ಲಿಸಿದ ಮಾತ್ರೆ. ಇವತ್ತೇ ಹೋಗಿ ಮತ್ತೆ ಶುರು ಮಾಡಿಸು. ನನ್ನ ಮೇಲಿನ ಕೋಪ ಆಮೇಲೆ ಇಟ್ಟುಕೊಳ್ಳೋಣ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಷ್ಟದ ಮಾತು ಬಂದ ಕೂಡಲೇ ನೀನು “ತಾಳು, ಪ್ರಾರ್ಥನೆ ಮಾಡೋಣ” ಎಂದು ಶುರು ಮಾಡುತ್ತೀಯ. ನೀನು ಆಮೆನ್ ಅನ್ನುವಷ್ಟರಲ್ಲಿ ನನ್ನ ಧೈರ್ಯ ಮುಗಿದಿರುತ್ತದೆ. ಪತ್ರದ ನಡುವೆ ಬಾಯಿ ಹಾಕಲು ಆಗುವುದಿಲ್ಲ.

ನಿನ್ನ ಮಗಳು


ಫೆಬ್ರವರಿ 19

ಕರ್ತನಲ್ಲಿ ಪ್ರಿಯಳಾದ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾನು ಕ್ಷೇಮ. ಮಂಡಿನೋವು ಬಂದು ಹೋಗಿ ಮಾಡುತ್ತಿದೆ, ಬಾಡಿಗೆದಾರನ ಹಾಗೆ. ನಿನ್ನ ಪತ್ರ ಬಂತು. ಅಂಚೆಯವನು ಮಳೆಯಲ್ಲಿ ಬಂದಿದ್ದನೋ ಏನೋ, ನೆನೆದು ಅಕ್ಷರವೆಲ್ಲ ಕಲಸಿಹೋಗಿತ್ತು. ಪೂರ್ತಿ ಓದಲಾಗಲಿಲ್ಲ. ಕ್ಷೇಮವಾಗಿದ್ದೀಯ ಎಂದು ತಿಳಿದುಕೊಂಡೆ.

ಇಲ್ಲಿ ಸಭೆಯಲ್ಲಿ ಎಲ್ಲರಿಗೂ ಸಂಭ್ರಮ. ಮೇ ತಿಂಗಳ ಮೊದಲ ಭಾನುವಾರ ಹನ್ನೆರಡನೇ ವರ್ಷದ ಸಾಕ್ಷಿ. ಈ ಸಲ ಬೇರೆ ಎರಡು ಸಭೆಯವರೂ ಬರುತ್ತಾರೆ. ಬ್ಯಾನರಿನಲ್ಲಿ ನಿನ್ನ ಹಳೆಯ ಫೋಟೋವನ್ನೇ ದೊಡ್ಡದು ಮಾಡಿಸಿದ್ದಾರೆ. “ಅಮ್ಮ, ಈ ಸಲ ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿ” ಎಂದಿದ್ದಾರೆ ಪಾಸ್ಟರ್. ಮೊನ್ನೆ ಹೊಸ ಕುರ್ಚಿ ಬಂದವು. ಮುಂದಿನ ಸಾಲಿನಲ್ಲಿ ಒಂದನ್ನು ಒರೆಸಿ ನನ್ನನ್ನೇ ಮೊದಲು ಕೂರಿಸಿದರು. ಒಂದು ಕಾಲದಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ನೆಲದ ಮೇಲೆ ಕೂರುತ್ತಿದ್ದೆವು, ನೆನಪಿದೆಯಾ? ಗಂಡ ಬಿಟ್ಟವಳು ಎಂದು ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಕರ್ತನು ಎಲ್ಲಿಂದ ಎಲ್ಲಿಗೆ ಎತ್ತಿದ್ದಾನೆ ನೋಡು.

ಟೈಲರಕ್ಕ ನಿನಗೊಂದು ಬಿಳಿ ಬಟ್ಟೆ ಹೊಲಿಯುತ್ತಾಳಂತೆ. ಅಳತೆ ಕಳಿಸು. ಪುಟ್ಟಿ ಚೆನ್ನಾಗಿದ್ದಾಳೆ. ಮೂರು ವಾರದಿಂದ ಒಂದು ಸಲವೂ ಫಿಟ್ಸ್ ಬಂದಿಲ್ಲ. ಚಿಂತೆ ಮಾಡಬೇಡ.

ಕರ್ತನಲ್ಲಿ,
ಅಮ್ಮ


ಫೆಬ್ರವರಿ 27

ಅಮ್ಮ,

ಪತ್ರ ಪೂರ್ತಿ ಓದಲಾಗದವಳಿಗೆ ನಾನು ಪುಟ್ಟಿಯ ಚಿಂತೆ ಮಾಡುತ್ತಿದ್ದೇನೆ ಎಂದು ಯಾರು ಹೇಳಿದರು?

ಈ ಸಲ ಬಾಲ್‌ಪೆನ್ನಿನಲ್ಲಿ, ಒತ್ತಿ ಬರೆಯುತ್ತಿದ್ದೇನೆ. ನೆನೆದರೂ ಹಾಳೆಯ ಹಿಂಬದಿ ಬೆರಳಾಡಿಸಿ ಓದಬಹುದು. ನಾನು ಮೊದಲೇ ನಡೆಯುತ್ತಿದ್ದೆ. ಅದು ಪವಾಡವಲ್ಲ. ಪುಟ್ಟಿಗೆ ಮಾತ್ರೆ ಕೊಡಿಸು.

ನಿನ್ನನ್ನೇ ನಂಬಿ ಕೂರುವುದು ಬೇಡ ಎಂದು ಟೈಲರಕ್ಕನಿಗೂ ಬೇರೆ ಪತ್ರ ಹಾಕಿದ್ದೇನೆ. ‘ಅಕ್ಕಾ, ಅಮ್ಮ ಹೇಳುವ ಕಥೆ ನಿಜವಲ್ಲ, ತಪ್ಪು ನನ್ನದು, ಮಗುವಿನ ಮಾತ್ರೆ ಇವತ್ತೇ ಶುರು ಮಾಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ’ ಎಂದು ಬರೆದಿದ್ದೇನೆ. ನಿನಗೆ ಸಿಟ್ಟು ಬರಲಿ.

ನನ್ನ ಕೆಲಸ ಅದೇ ಲಾಂಡ್ರಿಯಲ್ಲಿ. ಆಸ್ಪತ್ರೆಯ ಹಾಸುಬಟ್ಟೆಗಳನ್ನು ಒಗೆದು, ದೊಡ್ಡ ಉರುಳೆಯ ಇಸ್ತ್ರಿ ಯಂತ್ರಕ್ಕೆ ಕೊಡುವುದು. ಒಬ್ಬರು ಈ ತುದಿ, ಒಬ್ಬರು ಆ ತುದಿ ಹಿಡಿಯಬೇಕು. ಒಬ್ಬರು ಬಿಗಿ ಬಿಟ್ಟರೂ ಮಡಿಕೆ ಬಿದ್ದು ಹಾಗೇ ಸುಟ್ಟು ಕೂರುತ್ತದೆ, ಮತ್ತೆ ಎಷ್ಟು ನೀರು ಹಾಕಿದರೂ ಬಿಡುವುದಿಲ್ಲ. ನನ್ನ ಎದುರು ತುದಿ ಹಿಡಿಯುವವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಾರೆ. ನಮ್ಮ ಸಭೆಯವಳಲ್ಲ, ಯಾವ ಸಭೆಯವಳೂ ಅಲ್ಲ. ಅವಳಿಗೆ ಎಲ್ಲ ಹೇಳಿದೆ.

“ನಿಮ್ಮಲ್ಲಿ ಮೂರ್ತಿ ಇಡಲ್ಲ ಅಂತೀಯಲ್ಲ?” ಎಂದಳು.

“ಇಡಲ್ಲ. ಬೈಬಲ್ಲಿನ ಹತ್ತು ಆಜ್ಞೆಯಲ್ಲಿ ಮೊದಲನೆಯದೇ ಅದು, ಬೇರೆ ದೇವರು ಇರಬಾರದು ಅಂತ.”

“ಮತ್ತೆ ಇದೇನೇ? ವರ್ಷಕ್ಕೊಂದ್ಸಲ ನಿನ್ನ ಕಾಲನ್ನ ಹೊತ್ತು ಮೆರೆಸ್ತಾರಲ್ಲ?”

ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಆಮೇಲೆ ಮೂರು ಹಾಸುಬಟ್ಟೆ ಮಡಿಕೆ ಬಿದ್ದವು.

ಮಗಳು


ಮಾರ್ಚ್ 11

ಪ್ರೀತಿಯ ಪವಾಡಮ್ಮನಿಗೆ ಟೈಲರಕ್ಕ ಹೇಳಿ ಬರೆಸುವುದು.

ನಿನ್ನ ಕಾಗದ ತಲುಪಿತು ಕಣಮ್ಮ. ನಿಮ್ಮಮ್ಮ ಎರಡು ಸಲ ಓದಿ ಹೇಳಿದರು. ‘ಧೈರ್ಯ ಬಿಡಬೇಡಿ ಅಕ್ಕಾ, ನನ್ನನ್ನು ಎಬ್ಬಿಸಿದ ದೇವರು ಪುಟ್ಟಿಯನ್ನೂ ಕಾಯುತ್ತಾನೆ’ ಎಂದು ಬರೆದಿದ್ದೀಯಲ್ಲ, ಅಲ್ಲಿ ಅತ್ತುಬಿಟ್ಟೆ. ಅಷ್ಟು ದೂರದಲ್ಲಿ ದುಡಿಯುತ್ತಾ ನನ್ನ ಮಗಳ ನೆನಪು ಇಟ್ಟುಕೊಂಡಿದ್ದೀಯ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿಜ ಹೇಳಬೇಕೆಂದರೆ ನನಗೂ ಒಂದೆರಡು ದಿನ ಅನುಮಾನ ಬಂದಿತ್ತು. ಹಳೆ ಮಾತ್ರೆ ಡಬ್ಬಿ ತೆಗೆದು ನೋಡಿ ಒಳಗಿಟ್ಟೆ. ನಿನ್ನ ಕಾಗದ ಬಂದ ಮೇಲೆ ಎಲ್ಲ ಕಸಕ್ಕೆ ಹಾಕಿದೆ. ಮಾತ್ರೆ ನುಂಗುವಾಗ ಮಗು ಮೂರು ಹೊತ್ತೂ ತೂಕಡಿಸುತ್ತಿತ್ತು. ಈಗ ನೋಡಬೇಕು ನೀನು. ಇಲ್ಲೇ ಮಿಷಿನ್ ಕೆಳಗೆ ಕೂತು ಕತ್ತರಿಸಿದ ಚಿಂದಿಯಲ್ಲಿ ಗೊಂಬೆ ಮಾಡುತ್ತಿದೆ. “ಪವಾಡದಕ್ಕ ಬಂದ್ರೆ ನನ್ ಜೊತೆ ಓಡೋಕೆ ಬರ್ತಾಳಾ ಕೇಳು” ಅನ್ನುತ್ತಿದೆ. ಅದನ್ನೂ ಬರೀರಿ ಎಂದು ನಿಮ್ಮಮ್ಮನಿಗೆ ಹೇಳಿದ್ದೇನೆ.

ಬಿಳಿ ಬಟ್ಟೆಯ ಅಳತೆ ಮರೆಯಬೇಡ.

ಇಂತಿ,
ಟೈಲರಕ್ಕ, ಪುಟ್ಟಿ


ಮಾರ್ಚ್ 17

ಅಮ್ಮ,

ಟೈಲರಕ್ಕನ ಕಾಗದ ಬಂತು. ಕೈಬರಹ ನಿನ್ನದು. ‘ತ’ ಅಕ್ಷರದ ಬಾಲ ಉದ್ದಕ್ಕೆ ಎಳೆಯುವುದು ನೀನೊಬ್ಬಳೇ.

ಅವಳಿಗೆ ಅಳತೆಯ ಅಂಕಿ ಬಿಟ್ಟು ಬೇರೆ ಅಕ್ಷರ ಬರುವುದಿಲ್ಲ ಎನ್ನುವುದನ್ನು ನಾನು ಮರೆತಿದ್ದೆ. ಓಣಿಯವರ ಕಾಗದವನ್ನೆಲ್ಲ ಓದಿ ಹೇಳುವವಳು ನೀನೇ ಎನ್ನುವುದನ್ನೂ ಮರೆತಿದ್ದೆ. ನಿನ್ನ ಸುಳ್ಳು ಬಯಲು ಮಾಡುವ ಕಾಗದವನ್ನು ನಿನ್ನ ಕೈಗೇ ಕೊಟ್ಟು ಓದಿಸಿದ ದಡ್ಡಿ ನಾನು. ನಾನು ಬರೆಯದೇ ಇದ್ದಿದ್ದರೆ ಮಾತ್ರೆಯ ಡಬ್ಬಿ ಅವಳ ಮನೆಯಲ್ಲಿ ಇನ್ನೂ ಇರುತ್ತಿತ್ತು. ಎರಡು ದಿನದಿಂದ ಇದೊಂದೇ ತಲೆಯಲ್ಲಿ ತಿರುಗುತ್ತಿದೆ.

ಹೇಗೆ ಓದಿದೆ ಅಮ್ಮ? ಆ ಹಾಳೆ ಕೈಯಲ್ಲಿ ಹಿಡಿದುಕೊಂಡು, ಆ ಮಗು ಕಾಲಹತ್ತಿರ ಕೂತಿರುವಾಗ?

ಟೈಲರಕ್ಕನ ಪಕ್ಕದ ಗಡಿಯಾರ ರಿಪೇರಿ ಅಂಗಡಿಯವನ ನಂಬರು ಹುಡುಕಿ ಫೋನು ಮಾಡಿದೆ. ಅವಳನ್ನು ಕರೆಸಿದರು. ಎಲ್ಲ ಹೇಳಿದೆ, ಒಂದು ಮಾತೂ ಬಿಡದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡಳು.

“ನಿಮ್ಮಮ್ಮ ಮೊದ್ಲೇ ಹೇಳಿದ್ರು ಕಣಮ್ಮ” ಎಂದಳು.

“ಏನಂತ?”

“ದೊಡ್ಡ ಸಾಕ್ಷಿ ಹತ್ರ ಬಂದಾಗ ಸೈತಾನ ಹುಡುಗಿ ಮನಸ್ಸನ್ನ ಕದಡ್ತಾನೆ, ಫೋನ್ ಗೀನ್ ಮಾಡಿ ಏನಾದ್ರೂ ಅಂದ್ರೆ ಮನಸ್ಸಿಗೆ ಹಚ್ಕೋಬೇಡ ಅಂತ. ನಿಂಗೋಸ್ಕರ ನಾನೂ ಪ್ರಾರ್ಥನೆ ಮಾಡ್ತಿದೀನಿ. ಹೊತ್ತಿಗೆ ಸರಿಯಾಗಿ ಊಟ ಮಾಡು.”

ಫೋನು ಅಲ್ಲೇ ಮೇಜಿನ ಮೇಲಿಟ್ಟು ಹೋದಳು. ಇನ್ನೇನು ಮಾಡಬೇಕಿತ್ತು ನಾನು? ಗಡಿಯಾರದವನು ಮತ್ತೆ ಎತ್ತಿಕೊಂಡು, “ಯಾರಮ್ಮ ನೀವು, ಅಕ್ಕ ಅಳ್ತಾ ಹೋದ್ರು?” ಎಂದ.

ಪಾಸ್ಟರಿಗೂ ಮಾಡಿದೆ. “ಮಗಳೇ, ಆ ಸಾಕ್ಷಿ ಕೇಳಿ ಎಷ್ಟು ಕುಟುಂಬ ಸಭೆಗೆ ಬಂದವು ಗೊತ್ತಾ? ದೇವರು ನಿನ್ನ ಸುಳ್ಳನ್ನೂ ಉಪಯೋಗಿಸಿದ್ದಾರೆ ಅಂದ್ಕೋ” ಎಂದರು. ಪುಟ್ಟಿಯ ಮಾತ್ರೆ ಎಂದೆ. “ಅದು ತಾಯಿಯ ತೀರ್ಮಾನ, ನಾನು ಬೇಡ ಅಂದಿಲ್ಲ, ಬೇಕು ಅಂತಾನೂ ಅಂದಿಲ್ಲ” ಎಂದರು. ಕೆಟ್ಟ ಮನುಷ್ಯನಲ್ಲ ಅವರು. ದನಿಯಲ್ಲಿ ಹೆದರಿಕೆಯಿತ್ತು. ಎಲ್ಲರೂ ಸೇರಿ ಕಟ್ಟಿದ ಮನೆಯ ಅಡಿಗಲ್ಲು ಕೀಳಲು ಬಂದವಳ ಹತ್ತಿರ ಮಾತಾಡುವ ಹಾಗಿತ್ತು.

ನೀನೇ ಬಂದು ಹೇಳಬಾರದೇ ಎಂದು ನೀನು ಕೇಳಬಹುದು. ರಜೆ ಸಿಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ಅದು ಸುಳ್ಳು. ಕೇಳಲೇ ಇಲ್ಲ. ಬಂದು, ನಿನ್ನ ಮುಖ ನೋಡಿ, ಮತ್ತೆ ಒಂಬತ್ತು ವರ್ಷದವಳಾಗಿಬಿಡುತ್ತೇನೆ ಎಂದು ಭಯ.

ಮಾತ್ರೆ ಕೊಡಿಸು ಅಮ್ಮ. ಸಾಕ್ಷಿ ಬೇಕಾದರೆ ನೀನೇ ಇಟ್ಟುಕೋ. ನಾನು ಯಾರಿಗೂ ಹೇಳುವುದಿಲ್ಲ, ಬಿಳಿ ಬಟ್ಟೆ ಹಾಕಿಕೊಂಡು ಬಂದು ಪಕ್ಕದಲ್ಲಿ ನಿಲ್ಲುತ್ತೇನೆ, ಕಣ್ಣು ಮುಚ್ಚು ಎಂದರೆ ಮುಚ್ಚುತ್ತೇನೆ. ಮಾತ್ರೆ ಮಾತ್ರ ಕೊಡಿಸು.

ಮಗಳು


ಏಪ್ರಿಲ್ 6

ಮಗಳೇ,

ಪುಟ್ಟಿಗೆ ಗುರುವಾರ ಮಧ್ಯಾಹ್ನ ಬಂತು. ಬಂದದ್ದು ನಿಲ್ಲಲಿಲ್ಲ. ಅರ್ಧ ಗಂಟೆಯ ಮೇಲಾಯಿತು. ನಾನೂ ಟೈಲರಕ್ಕನೂ ಪ್ರಾರ್ಥನೆ ಮಾಡುತ್ತಿದ್ದೆವು. ಗಡಿಯಾರದವನು ಬಂದು ಬೈದು, ಮಗುವನ್ನು ಕಿತ್ತುಕೊಂಡು ಹೋಗಿ ಗಾಡಿಗೆ ಹಾಕಿದ.

ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ಶನಿವಾರ ಕಣ್ಣು ತೆರೆದಳು. ಅವರಮ್ಮನನ್ನು ನೋಡುತ್ತಾಳೆ, ಕರೆಯುವುದಿಲ್ಲ. ಬಲಗೈ ಎತ್ತುವುದಿಲ್ಲ.

ಅಮ್ಮ


ಏಪ್ರಿಲ್ 11

ಅಮ್ಮ,

ನಿನ್ನ ಪತ್ರ ಕೆಲಸದ ನಡುವೆ ಬಂತು. ಲಾಂಡ್ರಿಯ ಬಾಗಿಲಲ್ಲೇ ನಿಂತು ಓದಿದೆ.

ಓದಿದ ಕೂಡಲೇ ಮನಸ್ಸಿಗೆ ಮೊದಲು ಬಂದದ್ದು ಏನೆಂದು ಹೇಳುತ್ತೇನೆ. ಹೇಳದಿದ್ದರೆ ಇಷ್ಟು ಪತ್ರ ಬರೆದದ್ದಕ್ಕೆ ಅರ್ಥವಿಲ್ಲ. ‘ನಾನು ಹೇಳಿರಲಿಲ್ಲವಾ?’ ಎಂಬ ಮಾತು ಮೊದಲು ಬಂತು. ಪುಟ್ಟಿಯಲ್ಲ. ಅವಳ ಬಲಗೈ ಅಲ್ಲ. ಗೆದ್ದೆ ಎಂಬಂಥದ್ದು ಏನೋ ಒಳಗೆ ತಲೆಯೆತ್ತಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಇತ್ತು, ಆಮೇಲೆ ಹೋಯಿತು. ಆದರೆ ಇತ್ತು.

ವಾಪಸು ಹೋಗಿ ಹಾಸುಬಟ್ಟೆಯ ತುದಿ ಹಿಡಿದೆ. ಇಸ್ತ್ರಿ ಅಕ್ಕ ಮುಖ ನೋಡಿ, “ಏನಾಯ್ತೇ?” ಎಂದಳು. ಹೇಳಿದೆ. ಅವಳು ಯಂತ್ರ ನಿಲ್ಲಿಸಿದಳು. ಅವಳು ಯಂತ್ರ ನಿಲ್ಲಿಸಿದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ. “ನಿನ್ ತಪ್ಪಲ್ಲ ಬಿಡು, ನೀನು ನಿಜ ಹೇಳಿದೆಯಲ್ಲ” ಎಂದಳು.

ನಿಜ ಹೇಳಿದೆ, ಹೌದು. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದೆ. ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. ಪ್ರತಿ ಸಲ ಹೇಳಿದ ಮೇಲೂ ಎದೆ ಹಗುರಾಗಿ, ಕೋಣೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ. ಒಂದೇ ಒಂದು ಸಲ ಬಸ್ಸು ಹತ್ತಲಿಲ್ಲ. ಕೊನೆಗೆ ಸಾಕ್ಷಿಯನ್ನು ನೀನೇ ಇಟ್ಟುಕೋ ಎಂದು ಬೇಡಿಕೊಂಡೆನಲ್ಲ, ಆಗಲಾದರೂ ಹತ್ತಬಹುದಿತ್ತು. ನಿನಗೆ ನಿನ್ನ ಬುಧವಾರ ಇರುವ ಹಾಗೆ ನನಗೆ ನನ್ನ ನಿಜ ಇತ್ತು ಅಮ್ಮ. ಅದರ ಮುಂದೆ ದಿನಾ ಕೂತು ನನ್ನನ್ನೇ ಮೆಚ್ಚಿಕೊಳ್ಳುತ್ತಿದ್ದೆ. ಶಾಲೆ ಬಿಟ್ಟವಳು, ಯಾವ ಕೆಲಸದಲ್ಲೂ ನಿಲ್ಲದವಳು, ಆದರೆ ಕೊನೆಗೂ ನಿಜ ಹೇಳಿದವಳು ಎಂದು. ನನ್ನ ಹತ್ತಿರ ಇದ್ದದ್ದು ಅದೊಂದೇ. ಪುಟ್ಟಿಯನ್ನು ಅದರ ಮುಂದಿಟ್ಟೆ.

ದೇವರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ನಮ್ಮಿಬ್ಬರ ಹತ್ತಿರವೂ ಅವರಿಗೆ ಕೂರಲು ಜಾಗ ಇರಲಿಲ್ಲ.

ಪುಟ್ಟಿ ಹೇಗಿದ್ದಾಳೆ, ಬರಿ. ಸುಳ್ಳು ಬರೆಯಬೇಡ.

ಮಗಳು


ಏಪ್ರಿಲ್ 20

ಮಗಳೇ,

ಪುಟ್ಟಿ ಹಾಗೇ ಇದ್ದಾಳೆ. ಚಮಚದಲ್ಲಿ ಹಾಕಿದ್ದನ್ನು ನುಂಗುತ್ತಾಳೆ. ಡಾಕ್ಟರು ಈಗ ಏನೂ ಹೇಳಲಾಗದು ಎನ್ನುತ್ತಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ.

ನಿನ್ನ ಫೆಬ್ರವರಿಯ ಪತ್ರ ನೆನೆದಿರಲಿಲ್ಲ. ನಾನೇ ಬಕೆಟ್ಟಿನಲ್ಲಿ ಅದ್ದಿದೆ. ಓದಿದ ಮೇಲೆ ಅದ್ದಿದೆ.

ಇನ್ನೊಂದು ಹೇಳಬೇಕು. ನೀನು ಹಾಸಿಗೆಯಲ್ಲಿದ್ದಾಗ ದಿನಾ ಸಂಜೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ನಿನ್ನ ಕಾಲು ಒರೆಸುತ್ತಿದ್ದೆನಲ್ಲ. ಆ ಬುಧವಾರಕ್ಕೆ ಎರಡು ದಿನ ಮುಂಚೆ ಒರೆಸುವಾಗ ನಿನ್ನ ಅಂಗಾಲಿನಲ್ಲಿ ಧೂಳಿತ್ತು. ನಾಲ್ಕು ತಿಂಗಳು ನೆಲ ಮುಟ್ಟದ ಮಗುವಿನ ಅಂಗಾಲಿಗೆ ಧೂಳು ಎಲ್ಲಿಂದ? ನೋಡಿದೆ. ಒರೆಸಿದೆ. ಕೇಳಲಿಲ್ಲ. ಆಗಲೇ ಇಪ್ಪತ್ತು ಜನರನ್ನು ಪ್ರಾರ್ಥನೆಗೆ ಕರೆದಾಗಿತ್ತು. ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ. ನೀನು ಚಿಕ್ಕಂದಿನಿಂದಲೂ ಹಾಗೇ, ಕೇಳಿದರೆ ಹೇಳಿಬಿಡುತ್ತೀಯ. ಅದಕ್ಕೇ ಕೇಳಲಿಲ್ಲ.

ಹಾಗಾಗಿ ಸುಳ್ಳು ನಿನ್ನೊಬ್ಬಳದ್ದಲ್ಲ. ಒಂಬತ್ತು ವರ್ಷದವಳು ಹೊತ್ತಿದ್ದಕ್ಕಿಂತ ಹೆಚ್ಚು ನಾನು ಹೊತ್ತಿದ್ದೆ. ಇಷ್ಟು ವರ್ಷ ನಿನಗೆ ಅದು ಗೊತ್ತಾಗಬಾರದೆಂದು ನೋಡಿಕೊಂಡೆ.

ಟೈಲರಕ್ಕನಿಗೆ ನೀನು ಬರೆದ ಕಾಗದ ಹೇಗೆ ಓದಿದೆ ಎಂದು ಕೇಳಿದ್ದೀಯ. ಯೋಚನೆ ಮಾಡಿ ಓದಲಿಲ್ಲ. ಕಣ್ಣು ನಿನ್ನ ಅಕ್ಷರ ನೋಡುತ್ತಿತ್ತು, ಬಾಯಿ ಬೇರೆ ಓದುತ್ತಿತ್ತು. ತಡವರಿಸಲೂ ಇಲ್ಲ. ಪಕ್ಕದಲ್ಲಿ ನಿಂತು ಬೇರೆ ಯಾರೋ ಓದುವುದನ್ನು ಕೇಳಿಸಿಕೊಂಡ ಹಾಗಿತ್ತು. ಅವಳು ಅಳುವಾಗ ನನಗೂ ಅಳು ಬಂತು, ಸಂತೋಷಕ್ಕೆ.

ನಾನು ದೇವರನ್ನು ಆರಾಧಿಸುತ್ತಿದ್ದೇನೆ ಎಂದುಕೊಂಡಿದ್ದೆ. ಆ ಬುಧವಾರವನ್ನು ಆರಾಧಿಸುತ್ತಿದ್ದೆ. ಬೆಳಗ್ಗೆ ಎದ್ದು ಮೊಣಕಾಲೂರಿದರೆ ಮೊದಲು ಬರುವುದು ಆ ಕೋಣೆ, ಆ ಜನ, ಅವರೆಲ್ಲ ನನ್ನ ಕಡೆ ತಿರುಗಿದ್ದು. ಈಗ ಅದನ್ನು ಪಕ್ಕಕ್ಕೆ ಸರಿಸಿ ಪ್ರಾರ್ಥನೆ ಮಾಡಲು ನೋಡುತ್ತೇನೆ. ಆಗುತ್ತಿಲ್ಲ. ಅದರ ಹಿಂದೆ ಏನಿದೆ ಎಂದು ನನಗೆ ಗೊತ್ತಿಲ್ಲ. ದೇವರು ಇದ್ದೇ ಇರುತ್ತಾರೆ ಎಂದು ಎಷ್ಟೋ ಜನರಿಗೆ ನಾನೇ ಹೇಳಿದ್ದೇನೆ. ನನಗೆ ನಾನು ಹೇಳಿಕೊಂಡರೆ ಸಾಕ್ಷಿ ಹೇಳುವ ದನಿಯೇ ಬರುತ್ತದೆ.

ಮೇ ತಿಂಗಳ ಆ ಭಾನುವಾರ ನಾನು ಸಾಕ್ಷಿ ಹೇಳುವುದಿಲ್ಲ ಎಂದು ಪಾಸ್ಟರಿಗೆ ಹೇಳಿದೆ. “ಪರವಾಗಿಲ್ಲ ಅಮ್ಮ, ನೀವು ದಣಿದಿದ್ದೀರಿ, ವಿಶ್ರಾಂತಿ ತಗೊಳ್ಳಿ” ಎಂದರು. ಕರಪತ್ರವನ್ನು ಅವರ ಹೆಂಡತಿ ಓದುತ್ತಾರಂತೆ. ಬೇಡ, ಅದು ಸುಳ್ಳು ಎಂದೆ. “ದುಃಖದಲ್ಲಿ ಹಾಗನ್ನಿಸುತ್ತೆ” ಎಂದರು. ನನ್ನ ಬಾಯಿಂದ ಹೊರಟದ್ದಕ್ಕೆ ಈಗ ನಾನು ಬೇಕಾಗಿಲ್ಲ ಮಗಳೇ.

ಇವೆಲ್ಲ ಇರಲಿ. ತಡೆಯಲಾಗದ್ದು ಒಂದಿದೆ. ಟೈಲರಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡು, “ನನ್ ನಂಬಿಕೇಲೇ ಏನೋ ಕೊರತೆ ಇತ್ತಕ್ಕ” ಎಂದಳು. “ಮೊದ್ಲು ಎರಡು ದಿನ ಆ ಮಾತ್ರೆ ಡಬ್ಬಿ ಒಳಗಿಟ್ಟಿದ್ನಲ್ಲ, ದೇವರಿಗೆ ಅದು ಕಾಣಿಸಿರುತ್ತೆ. ಅದಕ್ಕೆ ಹಿಂಗಾಯ್ತು.” ದಿನಾ ಇದನ್ನೇ ಹೇಳುತ್ತಾಳೆ. ಮೂರು ಸಲ ಬಾಯಿ ತೆರೆದೆ. ಮೂರು ಸಲವೂ “ಹಾಗನ್ಬೇಡ” ಎಂದಷ್ಟೇ ಬಂತು. ಅವಳು ನನ್ನ ಭುಜಕ್ಕೆ ಒರಗಿಕೊಂಡಳು. ಅವಳಿಗೆ ಇನ್ನು ಯಾರಿದ್ದಾರೆ? ಇದನ್ನೂ ಕಿತ್ತುಕೊಂಡರೆ ಅವಳು ಯಾರ ಭುಜಕ್ಕೆ ಒರಗುತ್ತಾಳೆ ಎನ್ನಿಸುತ್ತದೆ. ಅದು ಅವಳ ಮೇಲಿನ ಕನಿಕರವೋ ನನ್ನ ಮೇಲಿನದ್ದೋ ತಿಳಿಯುತ್ತಿಲ್ಲ.

ಏನು ಮಾಡಲಿ? ನಿನ್ನನ್ನು ಕೇಳುತ್ತಿದ್ದೇನೆ. ನಾನು ನಿನ್ನನ್ನು ಇದುವರೆಗೆ ಏನನ್ನೂ ಕೇಳಿಲ್ಲ.

ಅಮ್ಮ


ಏಪ್ರಿಲ್ 26

ಅಮ್ಮ,

ಏನು ಮಾಡಬೇಕು ಎಂದು ನನಗೂ ಗೊತ್ತಿಲ್ಲ. ಎರಡು ದಿನ ಉತ್ತರ ಹುಡುಕಿದೆ, ಸಿಗಲಿಲ್ಲ.

ಧೂಳಿನ ವಿಷಯ ಓದಿ ನಿನ್ನ ಮೇಲೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಆ ಕೋಣೆಯಲ್ಲಿ ಎರಡು ದಿನ ಇಬ್ಬರೂ ಒಂದೇ ಗುಟ್ಟು ಇಟ್ಟುಕೊಂಡು, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವಲ್ಲ ಎನ್ನಿಸಿತು. ನೀನು ಕೇಳಿದ್ದರೆ ನಾನು ಹೇಳುತ್ತಿದ್ದೆ, ನಿಜ.

ಟೈಲರಕ್ಕ ತನ್ನನ್ನೇ ಬೈದುಕೊಳ್ಳುತ್ತಾಳೆ ಎಂಬುದನ್ನು ಎಷ್ಟು ಸಲ ಓದಿದೆನೋ. ಮಗುವಿನ ಕೈ ಹೋಯಿತು, ಮಾತು ಹೋಯಿತು, ಅದರ ಮೇಲೆ ಈ ತಪ್ಪೂ ತನ್ನದೇ ಎಂದು ಅವಳು ಹೊತ್ತುಕೊಂಡಿದ್ದಾಳೆ. ಹೊರಬೇಕಾದವರು ನಾವಿಬ್ಬರು ಹೊರಗೆ ನಿಂತಿದ್ದೇವೆ. ಪುಟ್ಟಿಯ ಕೈಗೆ ನಾನು ಏನೂ ಮಾಡಲಾರೆ. ಇದನ್ನೊಂದು ಇಳಿಸಬಹುದೇನೋ. ಅವಳು ಇಳಿಸಿಕೊಳ್ಳುತ್ತಾಳೆ ಎಂದೂ ಹೇಳಲಾರೆ. ಸೈತಾನ ಎನ್ನಬಹುದು. ಹೊಡೆಯಬಹುದು. ನಂಬದೆ, ಊಟ ಮಾಡಿದೆಯಾ ಎಂದು ಕೇಳಬಹುದು. ಅದೇ ಎಲ್ಲಕ್ಕಿಂತ ಹೆದರಿಕೆ.

ಈ ಸಲ ಹೇಳಿ ಹಗುರಾಗಲು ಹೋಗುತ್ತಿಲ್ಲ. ಹೇಳಿ ಅಲ್ಲೇ ಇರಬೇಕು. ಅವಳು ಅಂಗಡಿ ತೆರೆಯುವ ಹೊತ್ತಿಗೆ ಮಗುವಿನ ಹತ್ತಿರ ಯಾರಾದರೂ ಕೂರಬೇಕಲ್ಲ. ಬೇಡ ಎಂದರೆ ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ. ಎಷ್ಟು ದಿನ ಎಂದು ಗೊತ್ತಿಲ್ಲ. ಒಂದು ಕಡೆ ನಿಂತು ನನಗೆ ಅಭ್ಯಾಸವಿಲ್ಲ, ನಿನಗೇ ಗೊತ್ತು.

ನಿನ್ನೆ ಮೇಲ್ವಿಚಾರಕನನ್ನು ಕೇಳಿದೆ.

“ಎಷ್ಟು ದಿನ?”

“ಗೊತ್ತಿಲ್ಲ ಸಾರ್.”

“ಗೊತ್ತಿಲ್ಲ ಅಂದ್ರೆ ರಜೆ ಅಲ್ಲಮ್ಮ ಅದು, ಕೆಲಸ ಬಿಡೋದು ಅಂತಾರೆ ಅದಕ್ಕೆ.”

“ಹಾಗೇ ಬರ್ಕೊಳ್ಳಿ.”

“ಏನು, ಮದುವೆಯಾ?”

“ಅಲ್ಲ.”

ಅವನು ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದ. ಇಸ್ತ್ರಿ ಅಕ್ಕನ ಎದುರು ತುದಿಗೆ ಹೊಸಬಳೊಬ್ಬಳನ್ನು ಆಗಲೇ ನಿಲ್ಲಿಸಿದ್ದಾರೆ.

ನಿನ್ನನ್ನು ಜೊತೆಗೆ ಬಾ ಎಂದು ಕೇಳುವುದಿಲ್ಲ. ನಾನು ಹೇಳುವಾಗ ನೀನು ಪಕ್ಕದಲ್ಲಿದ್ದರೂ ಸರಿ, ಇಲ್ಲದಿದ್ದರೂ ಸರಿ. ಇದ್ದರೆ, ಬಾಯಿ ತೆರೆಯಲು ಆಗದಿದ್ದರೆ, ಎದ್ದು ಮಾತ್ರ ಹೋಗಬೇಡ. ಭಾನುವಾರದ ಸಭೆಗೆ ನಾನು ಬರುವುದಿಲ್ಲ. ಅಲ್ಲಿ ಅವರು ಏನು ಓದುತ್ತಾರೋ ಓದಲಿ, ಅದನ್ನು ನಿಲ್ಲಿಸುವ ಶಕ್ತಿ ನನಗಿಲ್ಲ, ನಿನಗೂ ಇಲ್ಲ.

ಪ್ರಾರ್ಥನೆ ಮಾಡಲು ಆಗುತ್ತಿಲ್ಲ ಎಂದು ಬರೆದಿದ್ದೀಯ. ನನಗೂ ಆಗುವುದಿಲ್ಲ. ನಿನ್ನೆ ಸುಮ್ಮನೆ ಕೂತು ಪುಟ್ಟಿಯ ಹೆಸರು ಹೇಳಿದೆ. ಯಾರಿಗೆ ಹೇಳಿದೆ ಎಂದು ಗೊತ್ತಾಗಲಿಲ್ಲ.

ಈ ಪತ್ರ ತಲುಪುವುದಕ್ಕಿಂತ ಮೊದಲು ನಾನೇ ತಲುಪಬಹುದು. ಆದರೂ ಬರೆದು ಅಂಚೆಗೆ ಹಾಕುತ್ತಿದ್ದೇನೆ. ಹಾಕಿದ ಮೇಲೆ ಹೋಗದೇ ಇರಲು ಆಗುವುದಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.

ನಿನ್ನ ಮಗಳು